ಗ್ಲಾಕೋಮಾ ಆಪರೇಷನ್: ಪೂರ್ತಿ ಮಾಯಬಾರದ ಒಂದು ಗಾಯ

ಗ್ಲಾಕೋಮಾಗೆ ಆಪರೇಷನ್ ಬೇಕು ಅಂತ ಡಾಕ್ಟರ್ ಹೇಳಿದ ಕೂಡಲೇ ಬಹಳ ಜನ ಕೇಳುವುದು ಒಂದೇ ಪ್ರಶ್ನೆ: "ಆಮೇಲೆ ಚೆನ್ನಾಗಿ ಕಾಣುತ್ತಾ?" ಕೇಳುವುದು ಸಹಜ. ಪೊರೆ ತೆಗೆಸಿಕೊಂಡವರು ಕೆಲವೇ ದಿನಗಳಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ ಅನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಹಾಗಾಗಿ ಕಣ್ಣಿನ ಆಪರೇಷನ್ ಅಂದರೆ ದೃಷ್ಟಿ ವಾಪಸ್ ಬರುತ್ತದೆ ಎಂಬ ಲೆಕ್ಕ ಮನಸ್ಸಿನಲ್ಲಿ ಕೂತಿರುತ್ತದೆ.

ಗ್ಲಾಕೋಮಾದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹೋದ ದೃಷ್ಟಿ ಹೋಯಿತು. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಸುಮಾರು ಹತ್ತು ಲಕ್ಷ ಎಳೆಗಳಿವೆ. ಗ್ಲಾಕೋಮಾದಲ್ಲಿ ಈ ಎಳೆಗಳು ನಿಧಾನವಾಗಿ ಸಾಯುತ್ತವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಹಾಗಾದರೆ ಆಪರೇಷನ್ ಯಾಕೆ? ಉಳಿದಿರುವ ಎಳೆಗಳನ್ನು ಉಳಿಸಿಕೊಳ್ಳುವುದಕ್ಕೆ. ಕಣ್ಣಿನೊಳಗಿನ ಒತ್ತಡ ಇಳಿದರೆ ನರದ ಮೇಲಿನ ಹೊರೆ ಇಳಿಯುತ್ತದೆ. ಆಪರೇಷನ್ ಮಾಡುವ ಕೆಲಸ ಇಷ್ಟೇ. ಇಷ್ಟೇ ಅಂದರೂ ಇದು ಸಣ್ಣ ಕೆಲಸವಲ್ಲ, ಯಾಕೆಂದರೆ ಇಲ್ಲಿ ಡಾಕ್ಟರ್ ಹೋರಾಡುವುದು ಕಾಯಿಲೆಯ ಜೊತೆ ಮಾತ್ರ ಅಲ್ಲ. ಗಾಯವನ್ನು ಮುಚ್ಚಿಬಿಡುವ ನಮ್ಮ ದೇಹದ ಸ್ವಭಾವದ ಜೊತೆಗೂ ಹೋರಾಡಬೇಕು. ಈ ಒಂದು ವಿಷಯ ಅರ್ಥವಾದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಒತ್ತಡ ಎಲ್ಲಿಂದ ಬರುತ್ತದೆ

ಕಣ್ಣಿನೊಳಗೆ ಸದಾ ಒಂದು ತಿಳಿ ನೀರು ಹುಟ್ಟುತ್ತಿರುತ್ತದೆ. ಇದು ಕಣ್ಣೀರಲ್ಲ. ಕಣ್ಣೀರು ಹೊರಗಿನದು, ಇದು ಒಳಗಿನದು. ಐರಿಸ್‌ನ, ಅಂದರೆ ಕಣ್ಣಿನ ಬಣ್ಣದ ಭಾಗದ, ಹಿಂದೆ ಇರುವ ಸಿಲಿಯರಿ ಬಾಡಿ ಎಂಬ ಭಾಗ ಇದನ್ನು ನಿಮಿಷಕ್ಕೆ 2ರಿಂದ 2.5 ಮೈಕ್ರೋಲೀಟರ್‌ನಷ್ಟು ತಯಾರಿಸುತ್ತದೆ. ಮೈಕ್ರೋಲೀಟರ್ ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಈ ನೀರು ಪಾಪೆಯ ಮೂಲಕ ಮುಂದಕ್ಕೆ ಬಂದು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಐರಿಸ್ ಸೇರುವ ಮೂಲೆಗೆ ಹೋಗುತ್ತದೆ. ಆ ಮೂಲೆಯಲ್ಲಿ ಟ್ರ್ಯಾಬೆಕ್ಯುಲರ್ ಮೆಶ್‌ವರ್ಕ್ ಎಂಬ ತೆಳು ಜಾಲರಿ ಇದೆ. ಜಾಲರಿ ದಾಟಿದರೆ ಕಣ್ಣಿನ ಸುತ್ತ ಉಂಗುರದಂತೆ ಹರಿಯುವ ಶ್ಲೆಮ್ ಕಾಲುವೆ. ಅಲ್ಲಿಂದ ಸಣ್ಣ ನಾಳಗಳ ಮೂಲಕ ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳಿಗೆ ಸೇರಿ ಹೋಗುತ್ತದೆ. ಜಾಲರಿ ಬಿಟ್ಟು ಬೇರೆ ದಾರಿಯಲ್ಲೂ ಒಂದಷ್ಟು ನೀರು ಹೋಗುತ್ತದೆ, ಆದರೆ ನಮ್ಮ ಕಥೆಗೆ ಮುಖ್ಯವಾದದ್ದು ಈ ಜಾಲರಿ.

ಹುಟ್ಟುವ ನೀರು ಮತ್ತು ಹೋಗುವ ನೀರು ಸಮ ಇದ್ದರೆ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರುತ್ತದೆ. ಓಪನ್ ಆಂಗಲ್ ಗ್ಲಾಕೋಮಾದಲ್ಲಿ ಆ ಮೂಲೆ ತೆರೆದೇ ಇರುತ್ತದೆ. ಲೆನ್ಸ್ ಇಟ್ಟು ನೋಡಿದರೆ ಅಡ್ಡ ಏನೂ ಕಾಣುವುದಿಲ್ಲ. ಆದರೆ ಜಾಲರಿ ಮತ್ತು ಕಾಲುವೆಯ ಒಳಗೋಡೆ ಸೇರುವ ಕಡೆ ನೀರು ಹರಿಯುವುದು ಕಷ್ಟವಾಗಿರುತ್ತದೆ. ಒತ್ತಡ ನಿಧಾನವಾಗಿ ಏರುತ್ತದೆ. ನೋವಿಲ್ಲ, ಕೆಂಪಾಗುವುದಿಲ್ಲ. ಮೊದಲು ಹೋಗುವುದು ಪಕ್ಕದ ನೋಟ, ಅದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಹಾಗಾಗಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಒತ್ತಡ 21ರ ಒಳಗೇ ಇದ್ದರೂ ನರ ಹಾಳಾಗುವವರಿದ್ದಾರೆ. ಅವರಿಗೂ ಇರುವ ಚಿಕಿತ್ಸೆ ಅದೇ, ಒತ್ತಡವನ್ನು ಇನ್ನೂ ಇಳಿಸುವುದು.

ಆಪರೇಷನ್ ಸರದಿ ಯಾವಾಗ

ಹೆಚ್ಚಿನವರಿಗೆ ಮೊದಲ ದಿನವೇ ಆಪರೇಷನ್ ಬೇಕಾಗುವುದಿಲ್ಲ. ಡ್ರಾಪ್ಸ್ ಇವೆ. ಕೆಲವು ನೀರು ಹುಟ್ಟುವುದನ್ನು ತಗ್ಗಿಸುತ್ತವೆ, ಕೆಲವು ಹೊರಹೋಗುವುದನ್ನು ಜಾಸ್ತಿ ಮಾಡುತ್ತವೆ. ಲೇಸರ್ ಕೂಡ ಇದೆ. ಎಸ್‌ಎಲ್‌ಟಿ ಎಂಬ ಲೇಸರನ್ನು ಜಾಲರಿಗೆ ಹೊಡೆದರೆ ಅದು ಮತ್ತೆ ಸ್ವಲ್ಪ ಚೆನ್ನಾಗಿ ಕೆಲಸ ಮಾಡುತ್ತದೆ. 2019ರಲ್ಲಿ ಪ್ರಕಟವಾದ ಲೈಟ್ ಎಂಬ ಅಧ್ಯಯನದಲ್ಲಿ, ಮೊದಲಿಗೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ಶೇ. 74ರಷ್ಟು ಜನರ ಒತ್ತಡ ಮೂರು ವರ್ಷದ ಹೊತ್ತಿಗೆ ಡ್ರಾಪ್ಸ್ ಇಲ್ಲದೆಯೇ ಹಿಡಿತದಲ್ಲಿತ್ತು. ಇದು ಸಣ್ಣ ಮಾತಲ್ಲ.

ಇಷ್ಟಾದರೂ ಸಾಲದಿದ್ದಾಗ ಆಪರೇಷನ್. ಡಾಕ್ಟರ್ ಪ್ರತಿ ಕಣ್ಣಿಗೂ ಒಂದು ಗುರಿ ಇಟ್ಟುಕೊಳ್ಳುತ್ತಾರೆ: ಈ ಕಣ್ಣಿನ ಪ್ರೆಶರ್ ಇಷ್ಟರ ಒಳಗೆ ಇರಬೇಕು ಅಂತ. ನರಕ್ಕೆ ಆಗಿರುವ ಹಾನಿ ಜಾಸ್ತಿ ಇದ್ದಷ್ಟೂ ಗುರಿ ಕೆಳಗಿರುತ್ತದೆ. ಸ್ವಲ್ಪ ಹಾನಿ ಇರುವ ಕಣ್ಣಿಗೆ 18 ಸಾಕಾಗಬಹುದು. ತುಂಬ ಹಾನಿಯಾದ ಕಣ್ಣಿಗೆ 12ರ ಹತ್ತಿರ ಬೇಕಾಗಬಹುದು. ಡ್ರಾಪ್ಸ್ ಹಾಕಿಯೂ ಗುರಿ ಮುಟ್ಟದಿದ್ದರೆ, ಅಥವಾ ಪ್ರೆಶರ್ ಸರಿ ಇದ್ದಂತೆ ಕಂಡರೂ ಫೀಲ್ಡ್ ಟೆಸ್ಟಿನಲ್ಲಿ (ಸುತ್ತಲಿನ ನೋಟ ಅಳೆಯುವ ಪರೀಕ್ಷೆ) ನೋಟ ಕುಗ್ಗುತ್ತಲೇ ಹೋದರೆ, ಆಪರೇಷನ್ ಮಾತು ಬರುತ್ತದೆ. ಡ್ರಾಪ್ಸ್ ಅಲರ್ಜಿ ಆಗುವವರು, ಕೈ ನಡುಗುವುದರಿಂದ ಹಾಕಿಕೊಳ್ಳಲು ಆಗದವರು ಕೂಡ ಈ ಸಾಲಿಗೆ ಸೇರುತ್ತಾರೆ.

ಒತ್ತಡ ಇಳಿಸುವುದರಿಂದ ನಿಜವಾಗಿ ಲಾಭ ಇದೆಯಾ? ಇದೆ, ಅಳೆದು ನೋಡಿದ್ದಾರೆ. ಸ್ವೀಡನ್ನಿನಲ್ಲಿ 255 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಲೆಕ್ಕದಂತೆ, ಒತ್ತಡ 1 ಮಿಲಿಮೀಟರ್ ಇಳಿದರೂ ಕಾಯಿಲೆ ಮುಂದುವರಿಯುವ ಸಾಧ್ಯತೆ ಸುಮಾರು ಶೇ. 10ರಷ್ಟು ಕಡಿಮೆಯಾಗುತ್ತದೆ. ಅಮೆರಿಕದ ಏಜಿಸ್ ಅಧ್ಯಯನದಲ್ಲಿ ಪ್ರತಿ ಭೇಟಿಯಲ್ಲೂ 18ರ ಕೆಳಗೇ ಇದ್ದ ಕಣ್ಣುಗಳ ಸರಾಸರಿ ಒತ್ತಡ 12ರ ಆಸುಪಾಸಿತ್ತು, ಆ ಗುಂಪಿನ ನೋಟ ವರ್ಷಗಳವರೆಗೆ ಸರಾಸರಿಯಲ್ಲಿ ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು. 'ಪ್ರತಿ ಭೇಟಿಯಲ್ಲೂ' ಎಂಬುದನ್ನು ಗಮನಿಸಿ. ಒಮ್ಮೆ 14, ಒಮ್ಮೆ 24 ಆಗುವ ಕಣ್ಣಿಗೆ ಈ ಫಲ ಸಿಗುವುದಿಲ್ಲ. ಡ್ರಾಪ್ಸ್ ಮರೆತ ದಿನ ಪ್ರೆಶರ್ ಏರುತ್ತದೆ. ಸರಿಯಾಗಿ ಕೆಲಸ ಮಾಡುವ ಆಪರೇಷನ್ ಹಗಲು ರಾತ್ರಿ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ಇನ್ನೊಂದು ಸನ್ನಿವೇಶ ಇದೆ, ಇದರ ಬಗ್ಗೆ ಜನರಿಗೆ ಅಷ್ಟು ಗೊತ್ತಿಲ್ಲ. ಮೊದಲ ಸಲ ಪರೀಕ್ಷೆಗೆ ಬರುವಾಗಲೇ ಕಾಯಿಲೆ ತುಂಬ ಮುಂದುವರಿದಿರುತ್ತದೆ. ಅಂಥವರಿಗೆ ಡ್ರಾಪ್ಸಿನಿಂದ ಶುರು ಮಾಡಬೇಕಾ, ನೇರ ಆಪರೇಷನ್ ಮಾಡಬೇಕಾ? ಬ್ರಿಟನ್ನಿನಲ್ಲಿ 453 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಟ್ಯಾಗ್ಸ್ ಅಧ್ಯಯನ ಇದನ್ನೇ ಕೇಳಿತು. ಎರಡು ವರ್ಷದ ಹೊತ್ತಿಗೆ ಆಪರೇಷನ್ ಆದವರ ಸರಾಸರಿ ಒತ್ತಡ 12.4, ಡ್ರಾಪ್ಸಿನವರದು 15.1. ದಿನನಿತ್ಯದ ಬದುಕಿನ ಗುಣಮಟ್ಟದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಆಪರೇಷನ್ ಮಾಡಿಸಿಕೊಂಡವರು ಅದರಿಂದ ಕಷ್ಟಕ್ಕೆ ಬೀಳಲಿಲ್ಲ, ಒತ್ತಡ ಮಾತ್ರ ಜಾಸ್ತಿ ಇಳಿಯಿತು. ತಡವಾಗಿ ಗೊತ್ತಾದವರಿಗೆ ಆಪರೇಷನ್ನನ್ನು ಕೊನೆಯ ಅಸ್ತ್ರ ಅಂತ ಮುಂದೂಡುತ್ತಾ ಹೋಗುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುವುದು ಇದಕ್ಕೇ.

ಟ್ರ್ಯಾಬೆಕ್ಯುಲೆಕ್ಟಮಿ

ಕಣ್ಣಾಸ್ಪತ್ರೆಗಳಲ್ಲಿ ಚಿಕ್ಕದಾಗಿ 'ಟ್ರ್ಯಾಬ್' ಅನ್ನುತ್ತಾರೆ. ನೀರಿಗೆ ಹೊಸ ದಾರಿ ಮಾಡಿಕೊಡುವ ಆಪರೇಷನ್ ಇದು. ಈ ಯೋಚನೆ ಹಳೆಯದು. 1909ರಲ್ಲಿ ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಸರ್ಜನ್, ಕಾರ್ನಿಯಾ ಮತ್ತು ಬಿಳಿಗುಡ್ಡೆ ಸೇರುವ ಅಂಚಿನಲ್ಲಿ ಸಣ್ಣ ದುಂಡು ಬ್ಲೇಡಿನಿಂದ ಆರಪಾರ ತೂತು ಕೊರೆಯುವ ವಿಧಾನ ತಂದರು. ಅದು ಜಗತ್ತಿನ ಬೇರೆ ಕಡೆಗಳಿಗೂ ಹಬ್ಬಿತು. ಒತ್ತಡವೇನೋ ಇಳಿಯುತ್ತಿತ್ತು, ಆದರೆ ಎಷ್ಟೋ ಸಲ ಬೇಕಾದ್ದಕ್ಕಿಂತ ಜಾಸ್ತಿ ಇಳಿಯುತ್ತಿತ್ತು. ತೂತಿನ ಮೇಲೆ ತೆಳುವಾದ ಹೊರಪದರ ಬಿಟ್ಟರೆ ಬೇರೆ ತಡೆ ಇರಲಿಲ್ಲ. ನೀರು ಹೋಗಿ ಕಣ್ಣಿನ ಮುಂಭಾಗ ಚಪ್ಪಟೆಯಾಗುತ್ತಿತ್ತು. ವರ್ಷಗಳಾದ ಮೇಲೂ ಸೋಂಕು ಒಳಗೆ ಹೋಗುವ ಭಯ ಇತ್ತು.

1968ರಲ್ಲಿ ಕೇಂಬ್ರಿಜ್‌ನ ಜಾನ್ ಕೇರ್ನ್ಸ್ ಇದಕ್ಕೆ ಒಂದು ಮುಚ್ಚಳ ಸೇರಿಸಿದರು. ಬಿಳಿಗುಡ್ಡೆಯ ಪೂರ್ತಿ ದಪ್ಪವನ್ನು ಕತ್ತರಿಸದೆ, ಅರ್ಧ ದಪ್ಪದ ಒಂದು ಪದರ ಎತ್ತಿ, ಅದರ ಕೆಳಗೆ ತೂತು ಮಾಡಿ, ಪದರವನ್ನು ಮತ್ತೆ ಹೊಲಿದರು. ಕತ್ತರಿಸಿದ ಶ್ಲೆಮ್ ಕಾಲುವೆಯ ತುದಿಗಳಿಗೆ ನೀರು ನೇರವಾಗಿ ಹೋಗಲಿ ಎಂಬುದು ಅವರ ಉದ್ದೇಶವಾಗಿತ್ತು. ಆದರೆ ಆಮೇಲೆ ತಿಳಿದದ್ದು ಬೇರೆ. ನೀರು ಆ ಮುಚ್ಚಳದ ಅಂಚುಗಳಿಂದ ಜಿನುಗಿ ಹೊರಪದರದ ಕೆಳಗೆ ಸೇರುತ್ತಿತ್ತು, ಒತ್ತಡ ಇಳಿಯುತ್ತಿದ್ದುದು ಅದರಿಂದ. ಕಾರಣ ಬೇರೆಯಾದರೂ ಕೆಲಸ ಆಯಿತು. ಅರ್ಧ ಶತಮಾನ ದಾಟಿದರೂ ಒತ್ತಡವನ್ನು ತುಂಬ ಕೆಳಗೆ ಇಳಿಸಬೇಕಾದಾಗ ಸರ್ಜನ್‌ಗಳು ಇಂದಿಗೂ ಮೊದಲು ನೆನೆಯುವುದು ಇದನ್ನೇ.

ಇವತ್ತು ಇದನ್ನು ಹೇಗೆ ಮಾಡುತ್ತಾರೆ? ಸಾಮಾನ್ಯವಾಗಿ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ. ಮೇಲಿನ ರೆಪ್ಪೆ ಮುಚ್ಚುವ ಜಾಗದಲ್ಲಿ ಕಂಜಂಕ್ಟೈವಾ, ಅಂದರೆ ಬಿಳಿಗುಡ್ಡೆಯ ಮೇಲಿನ ತೆಳು ಹೊರಪದರವನ್ನು ಬಿಡಿಸುತ್ತಾರೆ. ಅದರ ಕೆಳಗೆ ಮೈಟೊಮೈಸಿನ್ ಎಂಬ ಔಷಧಿಯಲ್ಲಿ ಅದ್ದಿದ ಸಣ್ಣ ಸ್ಪಂಜುಗಳನ್ನು ಎರಡು ಮೂರು ನಿಮಿಷ ಇಟ್ಟು, ಆಮೇಲೆ ಚೆನ್ನಾಗಿ ತೊಳೆಯುತ್ತಾರೆ. ಬಿಳಿಗುಡ್ಡೆಯಲ್ಲಿ ಸುಮಾರು 4 ಮಿಲಿಮೀಟರ್ ಅಗಲದ ಅರ್ಧ ದಪ್ಪದ ಪದರ ಎತ್ತುತ್ತಾರೆ. ಅದರ ಕೆಳಗೆ, ಕಣ್ಣಿನ ಮುಂಗೋಣೆಗೆ, ಅಂದರೆ ಕಾರ್ನಿಯಾ ಮತ್ತು ಐರಿಸ್ ನಡುವಿನ ಜಾಗಕ್ಕೆ, ಹೋಗುವಂತೆ ಚಿಕ್ಕ ತೂತು. ಐರಿಸ್ ಬಂದು ತೂತಿಗೆ ಸಿಕ್ಕಿಕೊಳ್ಳದಿರಲಿ ಅಂತ ಐರಿಸ್ ಅಂಚಿನಿಂದ ಒಂದು ಚೂರು ತೆಗೆಯುತ್ತಾರೆ. ಪದರವನ್ನು ಮತ್ತೆ ಕೂರಿಸಿ, ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ ಕೆಲವು ಹೊಲಿಗೆ ಹಾಕುತ್ತಾರೆ. ಕಣ್ಣಿನೊಳಗೆ ದ್ರವ ಬಿಟ್ಟು, ಅಂಚಿನಿಂದ ಎಷ್ಟು ಜಿನುಗುತ್ತಿದೆ ಅಂತ ಅಲ್ಲೇ ನೋಡುತ್ತಾರೆ. ಜಾಸ್ತಿ ಬರುತ್ತಿದ್ದರೆ ಇನ್ನೊಂದು ಹೊಲಿಗೆ, ಬರದೇ ಇದ್ದರೆ ಒಂದನ್ನು ಸಡಿಲ. ಕೊನೆಗೆ ಹೊರಪದರವನ್ನು ನೀರು ಸೋರದಂತೆ ಮುಚ್ಚುತ್ತಾರೆ. ಜಿನುಗಿದ ನೀರು ಆ ಪದರದ ಕೆಳಗೆ ಸಣ್ಣ ಉಬ್ಬಾಗಿ ನಿಂತು, ಅಲ್ಲಿಂದ ಸುತ್ತಲಿನ ರಕ್ತನಾಳಗಳಿಗೆ ಹೀರಿಹೋಗುತ್ತದೆ. ಈ ಉಬ್ಬನ್ನು ಬ್ಲೆಬ್ ಅನ್ನುತ್ತಾರೆ. ಅದು ಮೇಲಿನ ರೆಪ್ಪೆಯ ಹಿಂದೆ ಇರುವುದರಿಂದ ಎದುರಿಗಿರುವವರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ರೆಪ್ಪೆ ಎತ್ತಿ ಕೆಳಗೆ ನೋಡಿದರೆ ಮಾತ್ರ, ಸ್ವಲ್ಪ ಉಬ್ಬಿದ, ಪೇಲವ ಜಾಗವೊಂದು ಕಾಣುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೇರೆ ಯಾವ ಆಪರೇಷನ್ ಆದರೂ ಗಾಯ ಬೇಗ ಮಾಯಲಿ ಅಂತ ಎಲ್ಲರೂ ಬಯಸುತ್ತಾರೆ, ಅಲ್ವಾ? ಇಲ್ಲಿ ಗಾಯ ಪೂರ್ತಿ ಮಾಯ್ದರೆ ಆಪರೇಷನ್ ಸೋತಂತೆ. ಕಿವಿ ಚುಚ್ಚಿಸಿಕೊಂಡು ಏನೂ ಹಾಕದೆ ಬಿಟ್ಟರೆ ಕೆಲವು ದಿನಕ್ಕೆ ತೂತು ಕೂಡಿಕೊಳ್ಳುತ್ತದಲ್ಲ, ದೇಹ ಇಲ್ಲೂ ಅದನ್ನೇ ಮಾಡಲು ನೋಡುತ್ತದೆ. ಮುಚ್ಚಳದ ಮೇಲೆ, ಹೊರಪದರದ ಕೆಳಗೆ ಕಲೆಯ ಅಂಗಾಂಶ ಬೆಳೆದು ಗಟ್ಟಿಯಾದರೆ ನೀರಿನ ದಾರಿ ಮುಚ್ಚಿತು. ಮೈಟೊಮೈಸಿನ್ ಇಡುವುದು ಕಲೆ ಕಟ್ಟುವ ಜೀವಕೋಶಗಳನ್ನು ತಡೆಯುವುದಕ್ಕೆ. ಮೂಲತಃ ಅದು ಕ್ಯಾನ್ಸರ್ ಔಷಧಿ. ಅದು ಕಡಿಮೆಯಾದರೆ ದಾರಿ ಮುಚ್ಚುತ್ತದೆ. ಜಾಸ್ತಿಯಾದರೆ ಬ್ಲೆಬ್ ತುಂಬ ತೆಳುವಾಗಿ ಸೋರುತ್ತದೆ, ಮುಂದೆ ಸೋಂಕಿಗೆ ದಾರಿಯಾಗುತ್ತದೆ. ಈ ಎರಡರ ನಡುವಿನ ಅಳತೆ ಹಿಡಿಯುವುದೇ ಸರ್ಜನ್ ಕೈಚಳಕ.

ಕಲೆ ಎಲ್ಲರಲ್ಲೂ ಒಂದೇ ಥರ ಕಟ್ಟುವುದಿಲ್ಲ. ಚಿಕ್ಕ ವಯಸ್ಸಿನವರಲ್ಲಿ, ಆಫ್ರಿಕಾ ಮೂಲದವರಲ್ಲಿ, ಮೊದಲೇ ಕಣ್ಣಿನ ಆಪರೇಷನ್ ಆದವರಲ್ಲಿ, ಕಣ್ಣಿನೊಳಗೆ ಉರಿಯೂತ ಇದ್ದವರಲ್ಲಿ ಜಾಸ್ತಿ. ವರ್ಷಗಟ್ಟಲೆ ಡ್ರಾಪ್ಸ್ ಹಾಕಿ ಕಣ್ಣು ಸದಾ ಕೆಂಪಾಗಿರುವವರಲ್ಲೂ ಜಾಸ್ತಿ, ಏಕೆಂದರೆ ಆ ಔಷಧಿಗಳು, ಅವು ಕೆಡದಂತೆ ಸೇರಿಸುವ ರಾಸಾಯನಿಕ ಕೂಡ, ಹೊರಪದರವನ್ನು ಕೆರಳಿಸಿ ಇಟ್ಟಿರುತ್ತವೆ. ಅದಕ್ಕೇ ಕೆಲವು ಡಾಕ್ಟರುಗಳು ಆಪರೇಷನ್‌ಗೆ ಕೆಲ ವಾರ ಮೊದಲೇ ಡ್ರಾಪ್ಸ್ ಬದಲಿಸಿ, ಕಣ್ಣನ್ನು ಶಾಂತ ಮಾಡಿಕೊಂಡು ಮುಂದುವರಿಯುತ್ತಾರೆ.

ಆಪರೇಷನ್ ನಂತರದ ವಾರಗಳು

ನನ್ನ ಪ್ರಕಾರ ಟ್ರ್ಯಾಬ್‌ನಲ್ಲಿ ಅರ್ಧ ಕೆಲಸ ನಡೆಯುವುದು ಆಪರೇಷನ್ ಟೇಬಲಿನ ಮೇಲೆ, ಉಳಿದರ್ಧ ನಂತರದ ಭೇಟಿಗಳಲ್ಲಿ. ಮರುದಿನ ಒಂದು, ಆಮೇಲೆ ಮೊದಲ ತಿಂಗಳು ಹೆಚ್ಚು ಕಡಿಮೆ ವಾರಕ್ಕೊಂದು ಭೇಟಿ ಇರುತ್ತದೆ. "ಕಣ್ಣು ಚೆನ್ನಾಗಿದೆ, ಸುಮ್ನೆ ಯಾಕೆ ಹೋಗಬೇಕು" ಅಂತ ಒಂದು ಭೇಟಿ ತಪ್ಪಿಸಿದರೆ, ದಾರಿ ಮುಚ್ಚಿಕೊಳ್ಳುವ ಹೊತ್ತಿಗೆ ನೋಡುವವರೇ ಇಲ್ಲದಂತಾಗುತ್ತದೆ.

ಆ ಭೇಟಿಗಳಲ್ಲಿ ಏನು ಮಾಡುತ್ತಾರೆ ಅಂತ ಹತ್ತಿರದಿಂದ ನೋಡೋಣ. ಶುರುವಿನಲ್ಲಿ ಹೊಲಿಗೆಗಳನ್ನು ಬೇಕೆಂದೇ ಬಿಗಿಯಾಗಿ ಹಾಕಿರುತ್ತಾರೆ, ಮೊದಲ ದಿನಗಳಲ್ಲಿ ಒತ್ತಡ ಕುಸಿಯದಿರಲಿ ಅಂತ. ಒಂದೆರಡು ವಾರದ ನಂತರ ಪ್ರೆಶರ್ ಏರಿದರೆ ಸ್ಲಿಟ್ ಲ್ಯಾಂಪ್ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ಮುಂದೆ ಕೂರಿಸುತ್ತಾರೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಸಣ್ಣ ಲೆನ್ಸ್ ಒಂದನ್ನು ಬ್ಲೆಬ್ ಮೇಲೆ ಮೆತ್ತಗೆ ಒತ್ತುತ್ತಾರೆ. ಒತ್ತಿದಾಗ ಹೊರಪದರ ತೆಳುವಾಗಿ, ಕೆಳಗಿನ ಕಪ್ಪು ನೈಲಾನ್ ದಾರ ಕಾಣುತ್ತದೆ. ಅದಕ್ಕೆ ಲೇಸರ್ ಹೊಡೆದರೆ ದಾರ ತುಂಡಾಗುತ್ತದೆ. ಹೊರಪದರಕ್ಕೆ ಏನೂ ಆಗುವುದಿಲ್ಲ. ಮುಚ್ಚಳದ ಅಂಚು ಸಡಿಲವಾಗಿ ನೀರು ಬರುತ್ತದೆ, ಬ್ಲೆಬ್ ಉಬ್ಬುತ್ತದೆ, ಪ್ರೆಶರ್ ಅಲ್ಲೇ ಇಳಿಯುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಹೊಲಿಗೆ ಬಿಡಿಸುವುದು, ಅವಸರ ಮಾಡಿದರೆ ಒತ್ತಡ ಕುಸಿಯುತ್ತದೆ. ಕೆಲವರು ಎಳೆದರೆ ಬಿಚ್ಚಿಕೊಳ್ಳುವ ಹೊಲಿಗೆಯನ್ನೇ ಹಾಕಿರುತ್ತಾರೆ, ಆಗ ಲೇಸರ್ ಬೇಕಾಗುವುದಿಲ್ಲ.

ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆಯೂ ಸರಳ. ಫ್ಲೋರಸೀನ್ ಎಂಬ ಕಿತ್ತಳೆ ಬಣ್ಣವನ್ನು ಬ್ಲೆಬ್ ಮೇಲೆ ಸವರಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಸೋರಿಕೆ ಇದ್ದರೆ ಒಳಗಿನ ನೀರು ಬಣ್ಣವನ್ನು ತಿಳಿ ಮಾಡುತ್ತಾ ಹೊಳೆಯುವ ಹಸಿರು ಗೆರೆಯಾಗಿ ಕೆಳಗಿಳಿಯುತ್ತದೆ. ಬ್ಲೆಬ್ ಸುತ್ತ ಕಲೆ ಕಟ್ಟಲು ಶುರುವಾಗಿದ್ದರೆ 5-ಎಫ್‌ಯು ಎಂಬ ಔಷಧಿಯನ್ನು ಹೊರಪದರದ ಕೆಳಗೆ ಚುಚ್ಚುತ್ತಾರೆ, ಅಥವಾ ಸೂಜಿಯಿಂದ ಆ ಕಲೆಯನ್ನು ಬಿಡಿಸುತ್ತಾರೆ. ಇದಕ್ಕೆ ನೀಡ್ಲಿಂಗ್ ಅನ್ನುತ್ತಾರೆ. ಇದು ಬೇಕಾಯಿತು ಅಂದರೆ ಆಪರೇಷನ್ ಫೇಲ್ ಆಯಿತು ಅಂತ ಅರ್ಥ ಅಲ್ಲ. ಇದೂ ಚಿಕಿತ್ಸೆಯ ಭಾಗವೇ.

ಮನೆಯಲ್ಲಿ ಮಾಡಬೇಕಾದದ್ದು ಮುಖ್ಯವಾಗಿ ಸ್ಟಿರಾಯ್ಡ್ ಡ್ರಾಪ್ಸ್. ಮೊದಲ ವಾರಗಳಲ್ಲಿ ದಿನಕ್ಕೆ ಹಲವು ಸಲ, ಎಚ್ಚರ ಇರುವಾಗ ಎರಡು ಗಂಟೆಗೊಮ್ಮೆ ಕೂಡ ಹಾಕಲು ಹೇಳಬಹುದು. ಎರಡು ಮೂರು ತಿಂಗಳಲ್ಲಿ ನಿಧಾನವಾಗಿ ತಗ್ಗಿಸುತ್ತಾರೆ. ಇದು ಕೂಡ ಗಾಯ ಪೂರ್ತಿ ಮಾಯದಂತೆ ತಡೆಯುವ ಔಷಧಿಯೇ. ಕಣ್ಣು ಬೆಳ್ಳಗಾಯಿತು ಅಂತ ನಾವಾಗಿಯೇ ನಿಲ್ಲಿಸಬಾರದು. ಆಪರೇಷನ್ ಆದ ಕಣ್ಣಿಗೆ ಹಳೆಯ ಗ್ಲಾಕೋಮಾ ಡ್ರಾಪ್ಸನ್ನು ಸಾಮಾನ್ಯವಾಗಿ ನಿಲ್ಲಿಸಿರುತ್ತಾರೆ. ಆದರೆ ಇನ್ನೊಂದು ಕಣ್ಣಿಗೆ ಮುಂದುವರಿಸಲೇಬೇಕು. ಎರಡನ್ನೂ ನಿಲ್ಲಿಸಿ ಕೂತುಬಿಡುವುದು ಸುಲಭವಾಗಿ ಆಗುವ ತಪ್ಪು. ಯಾವ ಬಾಟಲಿ ಯಾವ ಕಣ್ಣಿಗೆ ಅಂತ ದೊಡ್ಡದಾಗಿ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು. ರಾತ್ರಿ ಕಣ್ಣಿಗೆ ಶೀಲ್ಡ್ ಹಾಕಿ ಮಲಗಬೇಕು, ಕಣ್ಣು ಉಜ್ಜಬಾರದು, ಕೆಲವು ವಾರ ಭಾರ ಎತ್ತಬಾರದು, ತಲೆ ಬಗ್ಗಿಸಿ ತಿಣುಕುವ ಕೆಲಸ ಬೇಡ. ನೋಟ ಮೊದಲ ವಾರಗಳಲ್ಲಿ ಮಂಜಾಗಿರುತ್ತದೆ. ಹೊಲಿಗೆಯ ಎಳೆತದಿಂದ, ಒತ್ತಡದ ಏರಿಳಿತದಿಂದ ಹೀಗಾಗುತ್ತದೆ. ಹೊಸ ಕನ್ನಡಕವನ್ನು ಎರಡು ಮೂರು ತಿಂಗಳು ಕಳೆದ ಮೇಲೆ ಮಾಡಿಸಿಕೊಂಡರೆ ಸಾಕು.

ತೊಂದರೆಗಳನ್ನು ಮುಚ್ಚಿಡುವುದು ಬೇಡ. ಒತ್ತಡ 5-6ರ ಕೆಳಗೆ ಬಿದ್ದು ಹಾಗೇ ಉಳಿದರೆ ಕಣ್ಣಿನ ಹಿಂದಿನ ಪದರ ಸುಕ್ಕಾಗಿ ನೋಟ ಮಸುಕಾಗಬಹುದು. ಒಳಪದರದ ಹಿಂದೆ ದ್ರವ ಸೇರಬಹುದು, ಅಪರೂಪಕ್ಕೆ ರಕ್ತಸ್ರಾವ ಆಗಬಹುದು. ಪೊರೆ ಬೇಗ ಬೆಳೆಯುವುದು ಸಾಮಾನ್ಯ. ನರ ಬಹುತೇಕ ಹೋಗಿ, ನೋಟ ಮಧ್ಯದಲ್ಲಿ ಚೂರೇ ಉಳಿದಿರುವವರಲ್ಲಿ ಆಪರೇಷನ್ ನಂತರ ಆ ಚೂರೂ ಹೋಗುವ ಸಾಧ್ಯತೆ ಇದೆ. ಅದು ತೀರಾ ವಿರಳ, ಆದರೂ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕಾದ ವಿಷಯ.

ಟ್ಯೂಬ್ ಹಾಕುವುದು

ಟ್ರ್ಯಾಬ್ ಒಮ್ಮೆ ಮುಚ್ಚಿಹೋದ ಕಣ್ಣಿಗೆ, ಅಥವಾ ಹೊರಪದರ ಮೊದಲೇ ಕಲೆ ಕಟ್ಟಿರುವ ಕಣ್ಣಿಗೆ, ಇನ್ನೊಂದು ದಾರಿ ಇದೆ. ದಾರಿ ಮುಚ್ಚಿಕೊಳ್ಳದಿರಲಿ ಅಂತ ಅದರಲ್ಲಿ ಒಂದು ಟ್ಯೂಬನ್ನೇ ಇಟ್ಟುಬಿಡುವುದು. 1960ರ ದಶಕದ ಕೊನೆಯಲ್ಲಿ ಆಂಥನಿ ಮೊಲ್ಟೆನೊ ಇದನ್ನು ರೂಪಿಸಿದರು. ಆಮೇಲೆ ಬಾರ್ವೆಲ್ಟ್, ಅಹ್ಮದ್ ಎಂಬ ಸಾಧನಗಳು ಬಂದವು. ಸುಮಾರು ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪದ ಸಿಲಿಕೋನ್ ಟ್ಯೂಬಿನ ಒಂದು ತುದಿ ಕಣ್ಣಿನೊಳಗೆ, ಇನ್ನೊಂದು ತುದಿ ಒಂದು ತಟ್ಟೆಗೆ. ಆ ತಟ್ಟೆಯನ್ನು ಕಣ್ಣುಗುಡ್ಡೆಯ ಮೇಲೆ, ಹಿಂದಕ್ಕೆ, ಹೊರಗಿನಿಂದ ಕಾಣದ ಜಾಗದಲ್ಲಿ ಹೊಲಿಯುತ್ತಾರೆ. ತಟ್ಟೆಯ ಸುತ್ತಲೂ ಕಲೆ ಕಟ್ಟುತ್ತದೆ, ಕಟ್ಟಲಿ. ಅದು ತಟ್ಟೆಯ ಅಗಲಕ್ಕೆ ಒಂದು ಚೀಲವಾಗುತ್ತದೆ, ನೀರು ಅದರ ಗೋಡೆಯ ಮೂಲಕ ಹೀರಿಹೋಗುತ್ತದೆ. ಅಂದರೆ ಕಲೆ ಕಟ್ಟುವ ಅದೇ ಸ್ವಭಾವವನ್ನು ಇಲ್ಲಿ ಬಳಸಿಕೊಳ್ಳುತ್ತಾರೆ.

ಅಹ್ಮದ್ ಸಾಧನದಲ್ಲಿ ವಾಲ್ವ್ ಇರುವುದರಿಂದ ಮೊದಲ ದಿನದಿಂದಲೇ ಒತ್ತಡ ಇಳಿಯುತ್ತದೆ. ಬಾರ್ವೆಲ್ಟ್‌ನಲ್ಲಿ ವಾಲ್ವ್ ಇಲ್ಲ. ಆದ್ದರಿಂದ ಟ್ಯೂಬನ್ನು ಕರಗುವ ದಾರದಿಂದ ಕಟ್ಟಿರುತ್ತಾರೆ. ಐದಾರು ವಾರಕ್ಕೆ ದಾರ ಕರಗಿ ಟ್ಯೂಬ್ ತೆರೆದುಕೊಳ್ಳುತ್ತದೆ, ಅಷ್ಟರೊಳಗೆ ತಟ್ಟೆಯ ಸುತ್ತ ಚೀಲ ಆಗಿರುತ್ತದೆ. ಈ ಐದಾರು ವಾರ ಪ್ರೆಶರ್ ಏರಿಯೇ ಇರಬಹುದು, ಹಳೆಯ ಡ್ರಾಪ್ಸ್ ಮುಂದುವರಿಯಬಹುದು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಗಾಬರಿಯಾಗುತ್ತಾರೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಒತ್ತಡ ಬೀಳುತ್ತದೆ. ಆ ದಿನಗಳಲ್ಲಿ ನೋಟ ಮಂಜಾದರೆ ತಕ್ಷಣ ತೋರಿಸಬೇಕು.

ಟ್ಯೂಬ್ ಮೇಲೋ ಟ್ರ್ಯಾಬ್ ಮೇಲೋ? ಮೊದಲೇ ಪೊರೆಯ ಅಥವಾ ಗ್ಲಾಕೋಮಾ ಆಪರೇಷನ್ ಆಗಿದ್ದ 212 ಕಣ್ಣುಗಳ ಅಧ್ಯಯನದಲ್ಲಿ, ಐದು ವರ್ಷದಲ್ಲಿ ಟ್ಯೂಬ್ ವಿಫಲವಾದದ್ದು ಶೇ. 29.8, ಟ್ರ್ಯಾಬ್ ಶೇ. 46.9. ಮೊದಲ ಸಲ ಆಪರೇಷನ್ ಆಗುವ ಕಣ್ಣುಗಳಲ್ಲಿ ಮೊದಲ ವರ್ಷದ ಫಲ ಉಲ್ಟಾ, ಟ್ಯೂಬ್ ಶೇ. 17, ಟ್ರ್ಯಾಬ್ ಶೇ. 8. ಹಾಗಾಗಿ ಪಕ್ಕದ ಮನೆಯವರಿಗೆ ಆದದ್ದೇ ನಮಗೂ ಆಗಬೇಕು ಅಂತಿಲ್ಲ. ಟ್ಯೂಬಿಗೂ ಅದರದೇ ತೊಂದರೆಗಳಿವೆ. ಒಂದೇ ವಸ್ತು ಎರಡಾಗಿ ಕಾಣಬಹುದು, ಟ್ಯೂಬ್ ಕಾರ್ನಿಯಾಗೆ ಹತ್ತಿರವಿದ್ದರೆ ಅದರ ಒಳಪದರದ ಜೀವಕೋಶಗಳು ಕಡಿಮೆಯಾಗಬಹುದು, ವರ್ಷಗಳಾದ ಮೇಲೆ ಮೇಲಿನ ಪದರ ಸವೆದು ಟ್ಯೂಬ್ ಹೊರಗೆ ಕಾಣಬಹುದು.

ಚಿಕ್ಕ ಆಪರೇಷನ್‌ಗಳು: ಮಿಗ್ಸ್

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮಿಗ್ಸ್ ಎಂಬ ಹೆಸರಿನಡಿ ಹಲವು ಸಣ್ಣ ಆಪರೇಷನ್‌ಗಳು ಬಂದಿವೆ. ಹೊರಪದರವನ್ನು ಮುಟ್ಟದೆ, ಕಣ್ಣಿನೊಳಗಿನಿಂದಲೇ ಜಾಲರಿಯ ಅಡ್ಡಿಯನ್ನು ದಾಟಿಸುವುದು ಇವುಗಳಲ್ಲಿ ಹೆಚ್ಚಿನವುಗಳ ಉಪಾಯ. ಐಸ್ಟೆಂಟ್ ಎಂಬ ಸುಮಾರು ಒಂದು ಮಿಲಿಮೀಟರ್ ಉದ್ದದ ಟೈಟಾನಿಯಂ ಸ್ಟೆಂಟಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 8 ಮಿಲಿಮೀಟರ್ ಉದ್ದದ ಹೈಡ್ರಸ್ 2018ರಲ್ಲಿ ಬಂತು. ಇವನ್ನು ಸಾಮಾನ್ಯವಾಗಿ ಪೊರೆಯ ಆಪರೇಷನ್ ಜೊತೆಗೇ ಮಾಡುತ್ತಾರೆ. ರೋಗಿಯ ತಲೆಯನ್ನು ಒಂದು ಕಡೆ ತಿರುಗಿಸಿ, ಕಾರ್ನಿಯಾ ಮೇಲೆ ವಿಶೇಷ ಲೆನ್ಸ್ ಇಟ್ಟು, ಕಂದು ಪಟ್ಟಿಯಂತೆ ಕಾಣುವ ಜಾಲರಿಯೊಳಗೆ ಸ್ಟೆಂಟ್ ತಳ್ಳುತ್ತಾರೆ. ಸರಿಯಾಗಿ ಕೂತರೆ ಕಾಲುವೆಯಿಂದ ಚೂರು ರಕ್ತ ಹಿಂದಕ್ಕೆ ಜಿನುಗುತ್ತದೆ. ಬೇರೆ ಕಡೆ ರಕ್ತ ಕಂಡರೆ ಚಿಂತೆ. ಇಲ್ಲಿ ಸರ್ಜನ್‌ಗೆ ಅದು ಜಾಗ ಸರಿ ಎಂಬ ಗುರುತು.

ಸ್ಟೆಂಟ್ ಇಲ್ಲದೆಯೂ ಮಾಡಬಹುದು. ಗ್ಯಾಟ್ ಎಂಬ ವಿಧಾನದಲ್ಲಿ ಶ್ಲೆಮ್ ಕಾಲುವೆಯೊಳಗೆ ದಾರವನ್ನೋ, ತುದಿಯಲ್ಲಿ ದೀಪ ಇರುವ ಸಣ್ಣ ಕ್ಯಾಥಿಟರನ್ನೋ ಪೂರ್ತಿ ಸುತ್ತು ಹಾಕಿಸಿ ಎಳೆಯುತ್ತಾರೆ. ಎಳೆದಾಗ ಜಾಲರಿ ಸುತ್ತಲೂ ಸೀಳಿ ಕಾಲುವೆ ತೆರೆದುಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಕಣ್ಣಿನ ಮುಂಗೋಣೆಯಲ್ಲಿ ರಕ್ತ ನಿಂತು ನೋಟ ಮಂಜಾಗುವುದು ಸಾಮಾನ್ಯ, ಹಾಗಾಗಿ ತಲೆ ಎತ್ತರ ಮಾಡಿಕೊಂಡು ಮಲಗಲು ಹೇಳುತ್ತಾರೆ.

ಮಿಗ್ಸ್ ಹೆಚ್ಚು ಸುರಕ್ಷಿತ, ಬೇಗ ಚೇತರಿಕೆ. ಎಲ್ಲರಿಗೂ ಇದನ್ನೇ ಮಾಡಬಹುದಲ್ಲ ಅನಿಸುತ್ತದೆ. ಒಂದು ಮಿತಿ ಇದೆ. ಕಾಲುವೆಯ ನೀರು ಕೊನೆಗೆ ಸೇರುವುದು ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳಿಗೆ. ಅಲ್ಲೇ 8ರಿಂದ 10ರಷ್ಟು ಒತ್ತಡ ಇರುತ್ತದೆ. ನೀರು ಅದಕ್ಕಿಂತ ಕೆಳಗೆ ಇಳಿಯಲಾರದು. ಮುಂದಿನ ನಾಳಗಳಲ್ಲಿ ಇರುವ ತಡೆಯೂ ಸೇರಿದರೆ ಒತ್ತಡ ಬಹಳಷ್ಟು ಸಲ ಹದಿನೈದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗುರಿ 16-17 ಇರುವವರಿಗೆ, ಡ್ರಾಪ್ಸ್ ಕಡಿಮೆ ಮಾಡಿಕೊಳ್ಳಬೇಕು ಅನ್ನುವವರಿಗೆ ಇದು ಒಳ್ಳೆಯದು. ಗುರಿ 10-12 ಇರುವ ಕಣ್ಣಿಗೆ ಸಾಲುವುದಿಲ್ಲ. ಟ್ರ್ಯಾಬ್ ಈ ದಾರಿಯನ್ನೇ ಬಿಟ್ಟು ಬೇರೆ ಕಡೆ ನೀರು ಹರಿಸುವುದರಿಂದ ಅಷ್ಟು ಕೆಳಗೆ ಹೋಗಬಲ್ಲದು. ಝೆನ್, ಪ್ರಿಸರ್ಫ್ಲೊ ಎಂಬ ತೆಳು ಟ್ಯೂಬುಗಳು ಎರಡರ ನಡುವೆ ನಿಲ್ಲುತ್ತವೆ. ಇವೂ ಬ್ಲೆಬ್ ಮಾಡುತ್ತವೆ, ಹಾಗಾಗಿ ಮೈಟೊಮೈಸಿನ್, ನೀಡ್ಲಿಂಗ್ ಇವಕ್ಕೂ ತಪ್ಪಿದ್ದಲ್ಲ.

ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ. ಸೈಪಾಸ್ ಎಂಬ ಸ್ಟೆಂಟಿಗೆ 2016ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಐದು ವರ್ಷದ ಮಾಹಿತಿ ನೋಡಿದಾಗ ಕಾರ್ನಿಯಾ ಒಳಪದರದ ಜೀವಕೋಶಗಳು ನಿರೀಕ್ಷೆಗಿಂತ ಜಾಸ್ತಿ ಕಡಿಮೆಯಾಗಿದ್ದವು. 2018ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು.

ಇನ್ನು, ನೀರು ಹೋಗುವ ದಾರಿ ಬಿಟ್ಟು ಹುಟ್ಟುವ ಜಾಗವನ್ನೇ ಲೇಸರಿನಿಂದ ತಗ್ಗಿಸುವ ವಿಧಾನವೂ ಇದೆ. ಬೇರೆ ಆಪರೇಷನ್‌ಗಳು ಕೈಕೊಟ್ಟಾಗ, ಅಥವಾ ದೊಡ್ಡ ಆಪರೇಷನ್ ತಡೆದುಕೊಳ್ಳಲಾಗದವರಿಗೆ ಇದನ್ನು ಮಾಡುತ್ತಾರೆ. ಸುಟ್ಟ ಭಾಗ ವಾಪಸ್ ಬರುವುದಿಲ್ಲವಾದ್ದರಿಂದ ಅಳತೆ ನೋಡಿ ಮಾಡುತ್ತಾರೆ.

ಕೇಳಬೇಕಾದದ್ದು, ನೆನಪಿಡಬೇಕಾದದ್ದು

ಡಾಕ್ಟರ್ ಆಪರೇಷನ್ ಮಾತೆತ್ತಿದಾಗ ಮೊದಲು ಕೇಳಬೇಕಾದದ್ದು: ನನ್ನ ಕಣ್ಣಿನ ಗುರಿ ಪ್ರೆಶರ್ ಎಷ್ಟು? ಆ ಅಂಕಿ ಗೊತ್ತಾದರೆ ಟ್ರ್ಯಾಬ್ ಯಾಕೆ, ಸ್ಟೆಂಟ್ ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಸಿಕ್ಕಂತೆ. ನೀವು ಕೇಳಿದರೆ ಒಳ್ಳೆಯ ಡಾಕ್ಟರ್ ಖಂಡಿತ ಹೇಳುತ್ತಾರೆ. ಮೊದಲ ಎರಡು ತಿಂಗಳ ಭೇಟಿಗಳಿಗೆ ಬರಲು ಆಗುತ್ತಾ, ಯಾರಾದರೂ ಡ್ರಾಪ್ಸ್ ಹಾಕಿಕೊಡಲು ಇದ್ದಾರಾ ಎಂಬುದನ್ನು ಆಪರೇಷನ್ ದಿನ ಗೊತ್ತುಮಾಡುವ ಮೊದಲೇ ನೋಡಿಕೊಳ್ಳಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಆದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ.

ಬ್ಲೆಬ್ ಇರುವ ಕಣ್ಣಿಗೆ ಸೋಂಕಿನ ಸಾಧ್ಯತೆ ಎಷ್ಟೇ ಸಣ್ಣದಿರಲಿ, ಜೀವನಪೂರ್ತಿ ಇರುತ್ತದೆ. ಆಪರೇಷನ್ ಆಗಿ ಹತ್ತು ವರ್ಷ ಕಳೆದ ಮೇಲೂ ಆ ಕಣ್ಣು ಕೆಂಪಾಗಿ, ಪಿಸರು ಬಂದು, ನೋವೋ ಮಂಜೋ ಶುರುವಾದರೆ ಅದನ್ನು ಸಾಮಾನ್ಯ ಕಣ್ಣು ಬೇನೆ ಅಂತ ಬಿಡಬಾರದು. ಮನೆಯಲ್ಲಿ ಇರುವ ಯಾವುದೋ ಡ್ರಾಪ್ಸ್ ಹಾಕಿ ಬೆಳಗಾಗುವವರೆಗೆ ಕಾಯಬಾರದು. ಅದೇ ದಿನ, ರಾತ್ರಿಯಾದರೂ ಸರಿ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ "ನನಗೆ ಗ್ಲಾಕೋಮಾ ಆಪರೇಷನ್ ಆಗಿದೆ, ಬ್ಲೆಬ್ ಇದೆ" ಅಂತ ಮೊದಲ ಮಾತಿನಲ್ಲೇ ಹೇಳಬೇಕು. ಸೋಂಕು ಬ್ಲೆಬ್‌ನಲ್ಲೇ ಇರುವಾಗ ಸಿಕ್ಕರೆ ಔಷಧಿಯಿಂದ ಹತೋಟಿಗೆ ಬರುತ್ತದೆ. ಕಣ್ಣಿನೊಳಗೆ ಇಳಿದರೆ ಕೆಲವೇ ಗಂಟೆಗಳಲ್ಲಿ ದೃಷ್ಟಿಗೆ ಅಪಾಯ. "ಗ್ಲಾಕೋಮಾ ಆಪರೇಷನ್ ಆಗಿದೆ, ಬ್ಲೆಬ್ ಇದೆ" ಎಂಬ ವಾಕ್ಯವನ್ನು ರೋಗಿ ಮಾತ್ರ ಅಲ್ಲ, ಮನೆಯವರೂ ತಿಳಿದಿರಬೇಕು.